'ಸಾಕು' ಎನ್ನಲು ಕಲಿಸುವ ಶಾಲೆ

"ಇನ್ನು ಮುಂದೆ ಮನೆಯಲ್ಲಿ ಹಿಂದಿ ಮಾತ್ರ ಮಾತಾಡಿ. ಇಂಥ ಮಗುವಿಗೆ ಎರಡೆರಡು ಭಾಷೆ ಭಾರವಾಗುತ್ತೆ."

ಮೂರು ವರ್ಷದ ಹಿಂದೆ ನೊಯಿಡಾದ ಒಂದು ಥೆರಪಿ ಕೇಂದ್ರದಲ್ಲಿ ನಮಗೆ ಸಿಕ್ಕ ಮೊದಲ ಸಲಹೆ ಇದು. ಮಗನಿಗೆ ಆಗ ಮೂರು ವರ್ಷ ತುಂಬಿತ್ತು. ಹೆಸರು ಕೂಗಿದರೆ ತಿರುಗುತ್ತಿರಲಿಲ್ಲ. ಒಂದೂವರೆ ವರ್ಷಕ್ಕೆ ಬಂದಿದ್ದ 'ಅಮ್ಮ', 'ಅಜ್ಜಿ', 'ಬಾಬಾ' ಎಂಬ ಮೂರು ಮಾತುಗಳೂ ಒಂದೊಂದಾಗಿ ಮರೆಯಾಗಿದ್ದವು. ಆಟದ ಕಾರನ್ನು ಓಡಿಸುತ್ತಿರಲಿಲ್ಲ, ಮಗುಚಿ ಹಾಕಿ ಚಕ್ರವನ್ನೇ ತಿರುಗಿಸುತ್ತ ಕೂರುತ್ತಿದ್ದ. ಆಟಿಸಂ ಎಂಬ ಪದವನ್ನು ಡಾಕ್ಟರು ಹೇಳುವ ಮೊದಲೇ, ರಾತ್ರಿ ಎರಡು ಗಂಟೆಗೆ ಮೊಬೈಲಿನಲ್ಲಿ ಹುಡುಕಿ ನಾನು ಓದಿಕೊಂಡಿದ್ದೆ. ಹೆಂಡತಿಗೆ ಹೇಳಿರಲಿಲ್ಲ. ಅವಳೂ ಓದಿಕೊಂಡಿದ್ದಳು, ನನಗೆ ಹೇಳಿರಲಿಲ್ಲ.

ಆ ದಿನ ಮನೆಗೆ ಬಂದಾಗ ಬಾಗಿಲು ತೆಗೆದವಳು ನನ್ನ ಅಮ್ಮ. ಮೊಮ್ಮಗನನ್ನು ನೋಡಿಕೊಳ್ಳಲೆಂದು ಅರಸೀಕೆರೆ ಹತ್ತಿರದ ಹಳ್ಳಿ ಬಿಟ್ಟು ಬಂದವಳು. ತರಕಾರಿ ಗಾಡಿಯವನ ಹತ್ತಿರ "ಭೈಯಾ, ಕಿತ್ನಾ?" ಎನ್ನುವಷ್ಟೇ ಅವಳ ಹಿಂದಿ.

"ಡಾಕ್ಟ್ರು ಏನಂದ್ರೋ?" ಎಂದಳು.

ಏನು ಹೇಳಲಿ? ನೀನು ಮೊಮ್ಮಗನ ಜೊತೆ ಮಾತಾಡಬಾರದಂತೆ ಎಂದೇ?

ಹೇಳಲೇಬೇಕಾಯಿತು. ನಾಲ್ಕು ತಿಂಗಳು ನಾವು ಆ ಸಲಹೆಯನ್ನು ಪಾಲಿಸಿದೆವು. ಸುರತ್ಕಲ್‌ನಲ್ಲಿ ಎಂ.ಟೆಕ್ ಮುಗಿಸಿ ಕೆಲಸ ಹುಡುಕಿಕೊಂಡು ಬಂದ ನನ್ನ ಹಿಂದಿ ಆಫೀಸಿನ ಹಿಂದಿ. 'ಡೆಡ್‌ಲೈನ್ ಕಬ್ ಹೈ' ಎನ್ನಲು ಬರುತ್ತದೆ, ಮಗುವನ್ನು ಮುದ್ದು ಮಾಡಲು ಬರುವುದಿಲ್ಲ. ಹೆಂಡತಿಯದೂ ಅದೇ ಪಾಡು. ಅಮ್ಮನಂತೂ ಮಗುವಿನ ಎದುರು ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಅನ್ನ ಕಲಸಿ ಬಾಯಿಗಿಡುತ್ತಿದ್ದಳು, ಮಾತಿಲ್ಲ. ಮಾತು ಕಲಿಯಬೇಕಾದ ಮಗುವಿನ ಸುತ್ತ ಮೂರು ಜನ ದೊಡ್ಡವರು ಮೌನವಾಗಿ ಓಡಾಡುವ ಮನೆಯನ್ನು ನಾವು ನಮ್ಮ ಕೈಯಾರೆ ಕಟ್ಟಿಕೊಂಡಿದ್ದೆವು.

ಆ ಮೌನದಿಂದ ಹೊರಬಂದದ್ದು ಹೇಗೆ, ಆಮೇಲೆ ಕೆಲವು ಕುಟುಂಬಗಳು ಸೇರಿ ಒಂದು ಪುಟ್ಟ ಶಾಲೆಯನ್ನು ರೂಪಿಸಿದ್ದು ಹೇಗೆ ಎಂದು ಬರೆಯಲು ಕುಳಿತಿದ್ದೇನೆ. ಬೆಂಗಳೂರು ಬಿಟ್ಟು ಪುಣೆ, ಹೈದರಾಬಾದ್, ಗುರುಗ್ರಾಮ, ದುಬೈನಲ್ಲಿರುವ ಯಾವುದೋ ಕನ್ನಡದ ಮನೆಯಲ್ಲಿ ಇಂದು ರಾತ್ರಿಯೂ ಯಾರೋ ಮೊಬೈಲಿನಲ್ಲಿ ಅದೇ ಪದ ಹುಡುಕುತ್ತಿರಬಹುದು.

ನೂರಕ್ಕೆ ಒಬ್ಬರು

ಆಟಿಸಂ ರೋಗವಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಆ ಪದ ಕೇಳಿದರೆ ಮಗು ತನ್ನಲ್ಲೇ ಮುಳುಗಿದೆ ಎನಿಸುತ್ತದೆ. ನನಗೆ ಕಂಡಿರುವುದು ಬೇರೆ. ನಮ್ಮ ಮಗನಿಗೆ ಹೊರಗಿನ ಲೋಕ ಕಡಿಮೆ ಕೇಳಿಸುತ್ತಿರಲಿಲ್ಲ, ಅತಿಯಾಗಿ ಕೇಳಿಸುತ್ತಿತ್ತು. ಮಿಕ್ಸಿ, ಕುಕ್ಕರಿನ ಸೀಟಿ, ಲಿಫ್ಟಿನ ಗಂಟೆ, ಪಕ್ಕದ ಬೀದಿಯ ಮದುವೆ ದಿಬ್ಬಣದ ಬ್ಯಾಂಡು ಎಲ್ಲವೂ ಒಂದೇ ಸಮನೆ ನುಗ್ಗುತ್ತಿದ್ದವು.

ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ಮನೋವೈದ್ಯರು ಇದನ್ನು ಮೊದಲು ವಿವರವಾಗಿ ದಾಖಲಿಸಿದ್ದು 1943ರಲ್ಲಿ. ನಮ್ಮಲ್ಲಿ ಇದು ಅಪರೂಪವೇನಲ್ಲ. ಇದೇ ಎನ್‌ಸಿಆರ್‌ಗೆ ಸೇರಿದ ಹರಿಯಾಣದ ಪಲ್ವಲ್ ಸೇರಿದಂತೆ ದೇಶದ ಐದು ಕಡೆ ನಡೆದ ಒಂದು ದೊಡ್ಡ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಎರಡರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಆಟಿಸಂ ಇದೆ ಎಂದು ಅದು ಕಂಡುಕೊಂಡಿತು. ನಮ್ಮ ಅಪಾರ್ಟ್‌ಮೆಂಟಿನ ಆಟದ ಮೈದಾನದಲ್ಲಿ ಸಂಜೆ ಇನ್ನೂರು ಮಕ್ಕಳು ಸೇರುತ್ತಾರೆ. ಲೆಕ್ಕದ ಪ್ರಕಾರ ಅವರಲ್ಲಿ ಇಬ್ಬರಾದರೂ ಇರಬೇಕು. ಕಾಣುವುದಿಲ್ಲ, ಯಾಕೆಂದರೆ ಮೈದಾನಕ್ಕೆ ಕರೆತರುವುದಿಲ್ಲ. ನಾವೂ ಒಂದು ವರ್ಷ ಕರೆದುಕೊಂಡು ಹೋಗಿರಲಿಲ್ಲ.

ಒಬ್ಬ ತಾಯಿ ತೆರೆದ ಬಾಗಿಲು

ಈ ವಿಷಯದಲ್ಲಿ ದೆಹಲಿಗೆ ಒಂದು ಚರಿತ್ರೆ ಇದೆ. 1984ರಲ್ಲಿ ಶ್ಯಾಮಾ ಚೋನಾ ತಮ್ಮ ಮಗಳ ಹೆಸರಿನಲ್ಲೇ 'ತಮನ್ನಾ' ಸಂಸ್ಥೆಯನ್ನು ಕಟ್ಟಿದರು. 1991ರಲ್ಲಿ ಮೇರಿ ಬರುವಾ 'ಆ್ಯಕ್ಷನ್ ಫಾರ್ ಆಟಿಸಂ' ಆರಂಭಿಸಿದರು. ಅವರೂ ಆಟಿಸಂ ಇರುವ ಮಗನ ತಾಯಿ. ಆಗ ಇಲ್ಲಿನ ವೈದ್ಯರಲ್ಲೇ ಅನೇಕರಿಗೆ ಈ ಪದದ ಪರಿಚಯವಿರಲಿಲ್ಲ. ಬುದ್ಧಿಮಾಂದ್ಯ ಎಂದು ಒಂದೇ ಚೀಟಿ ಅಂಟಿಸಿ ಕಳಿಸುತ್ತಿದ್ದ ಕಾಲ. ಮಗನಿಗೆ ಹೊಂದುವ ಶಾಲೆ ಸಿಗದಿದ್ದಾಗ ತಾವೇ ಕಲಿತು, 1994ರಲ್ಲಿ 'ಓಪನ್ ಡೋರ್' ಎಂಬ ಶಾಲೆ ತೆರೆದರು. ಇಂದು ಸಂಸ್ಥೆಯ ರಾಷ್ಟ್ರೀಯ ಆಟಿಸಂ ಕೇಂದ್ರ ದಕ್ಷಿಣ ದೆಹಲಿಯ ಜಸೋಲಾ ವಿಹಾರದಲ್ಲಿದೆ.

ಅವರು ರೂಪಿಸಿದ ಒಂದು ಕಾರ್ಯಕ್ರಮ ನನಗೆ ತುಂಬ ಹಿಡಿಸಿತು. ಊರೂರುಗಳಿಂದ ಬರುವ ತಂದೆ ಅಥವಾ ತಾಯಿ ಮೂರು ತಿಂಗಳ ಕಾಲ ಮಗುವಿನೊಂದಿಗೆ ತರಗತಿಯಲ್ಲಿ ಕೂತು, ತಮ್ಮ ಮಗುವಿಗೆ ಕಲಿಸುವುದನ್ನು ತಾವೇ ಕಲಿಯುವುದು. ಇದರ ಹಿಂದಿನ ಲೆಕ್ಕ ಸರಳ. ಪರಿಣತರು ಮಗುವಿನ ಜೊತೆ ವಾರಕ್ಕೆ ಕೆಲವು ಗಂಟೆ ಇರುತ್ತಾರೆ, ಮಿಕ್ಕ ಹೊತ್ತೆಲ್ಲ ಮನೆಯವರೇ ಇರುತ್ತಾರೆ. ಸಂಸ್ಥೆ ವಿಶೇಷ ಶಿಕ್ಷಕರಿಗೂ ತರಬೇತಿ ಕೊಡುತ್ತದೆ.

ನಮ್ಮ ಊರಿನ ಕಡೆಯೂ ಈ ಕೆಲಸ ಹಳೆಯದು. ಬೆಂಗಳೂರಿನಲ್ಲಿ 1995ರಲ್ಲಿ ಜಯಶ್ರೀ ರಮೇಶ್ ಆರಂಭಿಸಿದ 'ಆಶಾ' ಶಾಲೆ ಇದೆ. ವಾಕ್ ತಜ್ಞೆ ಡಾ. ಪ್ರತಿಭಾ ಕಾರಂತ್ ಶಾಲೆಗೆ ಸೇರುವ ಮೊದಲಿನ ವಯಸ್ಸಿನ ಮಕ್ಕಳಿಗಾಗಿ 'ಕಾಮ್ ಡೀಲ್' ಎಂಬ ಕ್ರಮವನ್ನು ಬೆಂಗಳೂರಿನಲ್ಲೇ ರೂಪಿಸಿದರು. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಇದೆಲ್ಲ ನನಗೆ ಗೊತ್ತಾದದ್ದು ಊರು ಬಿಟ್ಟು ಎರಡು ಸಾವಿರ ಕಿಲೋಮೀಟರ್ ದೂರ ಬಂದ ಮೇಲೆ!

ಏಳು ಮನೆ, ಒಂದು ನೆಲಮಹಡಿ

ದೊಡ್ಡ ಸಂಸ್ಥೆಗಳಲ್ಲಿ ಸರದಿ ಉದ್ದ. ನೊಯಿಡಾ ಎಕ್ಸ್‌ಟೆನ್ಶನ್‌ನಿಂದ ದಕ್ಷಿಣ ದೆಹಲಿಗೆ ದಿನಾ ಹೋಗಿಬರುವುದೆಂದರೆ ಮಗುವಿನ ಅರ್ಧ ಶಕ್ತಿ ರಸ್ತೆಯಲ್ಲೇ ಮುಗಿಯುತ್ತದೆ. ಥೆರಪಿ ಕೇಂದ್ರಗಳ ಕಾಯುವ ಬೆಂಚುಗಳಲ್ಲಿ ಪರಿಚಯವಾದ ಏಳು ಕುಟುಂಬಗಳು ಒಂದು ಭಾನುವಾರ ನಮ್ಮ ಮನೆಯಲ್ಲಿ ಸೇರಿದೆವು. ಬಿಹಾರದವರು ಇಬ್ಬರು, ಪಂಜಾಬಿ, ಮಲಯಾಳಿ, ಬಂಗಾಳಿ, ಗಢವಾಲಿ, ಮತ್ತು ನಾವು. ಅಮ್ಮ ಉಪ್ಪಿಟ್ಟು ಮಾಡಿದ್ದಳು. ತಿಂದು ಮುಗಿಯುವಷ್ಟರಲ್ಲಿ ಒಂದು ನೆಲಮಹಡಿಯನ್ನು ಬಾಡಿಗೆಗೆ ಹಿಡಿಯುವುದು, ಅನುಭವಿ ವಿಶೇಷ ಶಿಕ್ಷಕಿಯೊಬ್ಬರನ್ನು ಮುಖ್ಯಸ್ಥೆಯಾಗಿ ಕರೆತರುವುದು ಎಂದು ತೀರ್ಮಾನವಾಯಿತು. ಕಾಗದದ ಮೇಲೆ ಅದು ಕಲಿಕಾ ಕೇಂದ್ರ. ನಾವು ಶಾಲೆ ಎನ್ನುತ್ತೇವೆ. ಮಕ್ಕಳು ಒಂಬತ್ತು.

ಶಾಲೆ ಮಾಡುವುದೆಂದರೆ ಬಣ್ಣ ಬಳಿದು ಬೋರ್ಡು ಹಾಕುವುದು ಎಂದುಕೊಂಡಿದ್ದ ನಮಗೆ ಮೇಡಂ ಮೊದಲ ದಿನವೇ ಪಾಠ ಮಾಡಿದರು. ನಾವು ಆರಿಸಿದ್ದ ಮನೆಯ ಹಿಂದುಗಡೆ ಒಂದು ಮದುವೆ ಹಾಲ್ ಇತ್ತು. ಅದನ್ನು ನೋಡಿ ಒಳಗೂ ಬರಲಿಲ್ಲ. "ನವೆಂಬರಿನಿಂದ ಫೆಬ್ರವರಿವರೆಗೆ ಇಲ್ಲಿ ಡೋಲು ನಿಲ್ಲಲ್ಲ. ಬೇರೆ ನೋಡಿ" ಎಂದು ಗೇಟಿನಿಂದಲೇ ವಾಪಸಾದರು. ಎರಡನೆಯದು ಉದ್ಯಾನದ ಪಕ್ಕದ ಮನೆ. ಅಲ್ಲಿ ಮೊದಲು ಪ್ಲೇಸ್ಕೂಲ್ ನಡೆಯುತ್ತಿತ್ತು. ಗೋಡೆ ತುಂಬ ಕಾರ್ಟೂನು, ತೂಗಾಡುವ ಬಣ್ಣದ ಕಾಗದ. ಅಷ್ಟನ್ನೂ ಕೆರೆದು ತಿಳಿ ಕೆನೆಬಣ್ಣ ಬಳಿಸಿದರು. ನಮಗೆ ಚೆಂದ ಕಾಣುವ ಗೋಡೆ ಈ ಮಕ್ಕಳಿಗೆ ಇಪ್ಪತ್ತು ಟಿವಿ ಒಟ್ಟಿಗೆ ಹಚ್ಚಿಟ್ಟ ಹಾಗೆ ಎಂದರು.

ಮಲಯಾಳಿ ಮಗುವಿನ ಅಪ್ಪ ವಾಸ್ತುಶಿಲ್ಪಿ. ಈಜಿಪ್ಟಿನ ಮಗ್ದಾ ಮುಸ್ತಫಾ ಎಂಬ ವಾಸ್ತುಶಿಲ್ಪಿ ಆಟಿಸಂ ಇರುವವರಿಗಾಗಿ ಕಟ್ಟಡ ಹೇಗಿರಬೇಕೆಂದು ವರ್ಷಗಟ್ಟಲೆ ಅಧ್ಯಯನ ಮಾಡಿ ಏಳು ಸೂತ್ರಗಳನ್ನು ಹೇಳಿದ್ದಾರೆ. ಸದ್ದಿನ ಹತೋಟಿ, ಜಾಗಗಳನ್ನು ದಿನಚರಿಯ ಕ್ರಮಕ್ಕೆ ತಕ್ಕಂತೆ ಜೋಡಿಸುವುದು, ತಪ್ಪಿಸಿಕೊಂಡು ಕೂರಲೊಂದು ಮೂಲೆ, ಒಂದು ಜಾಗಕ್ಕೆ ಒಂದೇ ಕೆಲಸ, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಬಿಡುವಿನ ತಾಣ, ಗದ್ದಲದ ಕಡೆ ಮತ್ತು ಶಾಂತ ಕಡೆಯನ್ನು ಬೇರ್ಪಡಿಸುವುದು, ಸುರಕ್ಷತೆ. ಆ ಏಳನ್ನು ಅವರು ಒಂದು ಹಾಳೆಯಲ್ಲಿ ಬರೆದು ಗೋಡೆಗಂಟಿಸಿದರು. ನಮ್ಮ ಕೈಲಾದಷ್ಟು ಅಗ್ಗದಲ್ಲಿ ಮಾಡಿದೆವು.

ಗುಂಯ್ ಎನ್ನುತ್ತ ಮಿಣುಕುವ ಹಳೆಯ ಟ್ಯೂಬ್‌ಲೈಟುಗಳನ್ನು ತೆಗೆಸಿದೆವು. ಕುರ್ಚಿಯ ಕಾಲುಗಳಿಗೆ ಹಳೇ ಟೆನಿಸ್ ಚೆಂಡು ಕೊರೆದು ಸಿಕ್ಕಿಸಿದೆವು, ಎಳೆದರೆ ಕಿರ್ ಎನ್ನುವುದಿಲ್ಲ. ಬಾಗಿಲ ಬಳಿ ಒಂದು ಬೆಂಚು ಇಟ್ಟೆವು. ಮಗು ಒಳಗೆ ಬಂದ ಕೂಡಲೇ ತರಗತಿಗೆ ನುಗ್ಗಬೇಕಿಲ್ಲ. ಕೂತು, ಚಪ್ಪಲಿ ಬಿಚ್ಚಿ, ತನ್ನ ಫೋಟೊ ಇರುವ ಗೂಡಿನಲ್ಲಿಟ್ಟು, ಅಂದಿನ ದಿನಚರಿಯ ಚಿತ್ರಪಟ ನೋಡಿಕೊಂಡು ಏಳಬಹುದು. ಊಟ ಮಾಡುವ ಮೇಜಿನ ಮೇಲೆ ಪಾಠವಿಲ್ಲ, ಪಾಠದ ಮೇಜಿನ ಮೇಲೆ ಆಟವಿಲ್ಲ. ಹೊಸಿಲ ಪಕ್ಕದ ಮೂಲೆಗೆ ದಪ್ಪ ಪರದೆ ಹಾಕಿ, ಒಳಗೆ ದಿಂಬು, ಕಂಬಳಿ ಇಟ್ಟೆವು. ತಲೆ ಕಾದ ಮಗು ಅಲ್ಲಿ ಹೋಗಿ ಕೂರಬಹುದು. ಅದು ಶಿಕ್ಷೆಯ ಜಾಗವಲ್ಲ ಎಂದು ಎಲ್ಲ ಸಿಬ್ಬಂದಿಗೂ ಮೇಡಂ ಮೂರು ಸಲ ಹೇಳಿದರು. ಸಿಟ್ಟಿನಲ್ಲಿ 'ಹೋಗಿ ಮೂಲೆಯಲ್ಲಿ ಕೂತ್ಕೋ' ಎಂದು ಒಮ್ಮೆ ಅಂದುಬಿಟ್ಟರೂ ಆ ಮೂಲೆ ಕೆಟ್ಟಂತೆ.

ಇದಕ್ಕೆ ನಮ್ಮಲ್ಲೇ ಒಬ್ಬರು ತಕರಾರು ತೆಗೆದರು. "ಇಷ್ಟು ಶಾಂತವಾಗಿ ಸಾಕಿದರೆ ನಾಳೆ ಗಾಜಿಯಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಏನು ಮಾಡ್ತಾನೆ?" ಒಳ್ಳೆಯ ಪ್ರಶ್ನೆ. ಹಾಗಾಗಿ ಶುಕ್ರವಾರ ಶಾಲೆ ಹೊರಗೆ. ಒಂದು ವಾರ ಕಿರಾಣಿ ಅಂಗಡಿ, ಇನ್ನೊಂದು ವಾರ ಮೆಟ್ರೊ. ಮೊದಲು ಐದು ನಿಮಿಷ, ಮುಂದಿನ ತಿಂಗಳು ಹತ್ತು.

ಒಂಬತ್ತು ಮಕ್ಕಳಿಗೆ ಒಂಬತ್ತು ಪಠ್ಯ

ಕಟ್ಟಡ ಆದ ಮೇಲೆ ಕಷ್ಟದ ಕೆಲಸ ಬಂತು. ಈ ಶಾಲೆಯಲ್ಲಿ ತರಗತಿಗೊಂದು ಪಠ್ಯವಿಲ್ಲ, ಮಗುವಿಗೊಂದು ಯೋಜನೆ. ಐಇಪಿ ಎನ್ನುತ್ತಾರೆ, ಅಂದರೆ ವೈಯಕ್ತಿಕ ಶಿಕ್ಷಣ ಯೋಜನೆ. ಮೊದಲ ಸಭೆಯಲ್ಲಿ ನಮ್ಮ ಮಗನ ಬಗ್ಗೆ ನಾನು ಬರೆದುಕೊಟ್ಟ ಗುರಿ: 'ಮಾತು ಸುಧಾರಿಸಬೇಕು.'

ಮೇಡಂ ಅದನ್ನು ಓದಿ ಕೇಳಿದರು: "ನೀವು ಇಂಜಿನಿಯರ್ ಅಲ್ವಾ? ನಿಮ್ಮ ಕ್ಲೈಂಟು 'ಸಾಫ್ಟ್‌ವೇರ್ ಚೆನ್ನಾಗಿರಬೇಕು' ಅಂತ ಬರೆದುಕೊಟ್ರೆ ಕೆಲಸ ಶುರು ಮಾಡ್ತೀರಾ?"

ಕೊನೆಗೆ ಆ ಗುರಿ ಹೀಗಾಯಿತು: ನೀರು ಬೇಕೆನಿಸಿದಾಗ, ಯಾರೂ ನೆನಪಿಸದೆ, ಐದು ಸಲದಲ್ಲಿ ನಾಲ್ಕು ಸಲ ನೀರಿನ ಚಿತ್ರವನ್ನು ಎದುರಿನವರ ಕೈಗೆ ಕೊಡಬೇಕು. ಮನೆಯಲ್ಲೂ, ಶಾಲೆಯಲ್ಲೂ. ಹನ್ನೆರಡು ವಾರದಲ್ಲಿ.

ಚಿತ್ರ ಕೊಟ್ಟು ಬೇಕಾದ್ದನ್ನು ಪಡೆಯುವ ಈ ಪದ್ಧತಿಗೆ ಪೆಕ್ಸ್ ಎಂದು ಹೆಸರು. ಅಮೆರಿಕದ ಡೆಲವೇರ್‌ನಲ್ಲಿ ಆ್ಯಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ಇದನ್ನು ಶುರು ಮಾಡಿದರು. ದಿನಚರಿಯನ್ನು ಚಿತ್ರದಲ್ಲಿ ಜೋಡಿಸುವುದು, ಕೆಲಸವನ್ನು ಎಡದಿಂದ ಬಲಕ್ಕೆ ಇಟ್ಟು ಮುಗಿದದ್ದನ್ನು 'ಮುಗಿಯಿತು' ಡಬ್ಬಿಗೆ ಹಾಕಿಸುವುದು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ ಬೆಳೆಸಿದ 'ಟೀಚ್' ಕ್ರಮದ್ದು. ಮೇಡಂ ಯಾವುದಕ್ಕೂ ಪೂರ್ತಿ ಶರಣಾಗುವುದಿಲ್ಲ. ಮಗುವಿಗೆ ಹೊಂದುವುದನ್ನು ಎತ್ತಿಕೊಳ್ಳುತ್ತಾರೆ.

ಒಬ್ಬ ಹುಡುಗನಿಗೆ ಮೆಟ್ರೊ ನೀಲಿ ಮಾರ್ಗದ ನಿಲ್ದಾಣಗಳೆಲ್ಲ ದ್ವಾರಕಾ ಸೆಕ್ಟರ್ 21ರಿಂದ ನೊಯಿಡಾ ಎಲೆಕ್ಟ್ರಾನಿಕ್ ಸಿಟಿವರೆಗೆ ಬಾಯಿಪಾಠ. ಆದರೆ ಬಾತ್ರೂಮಿಗೆ ಹೋಗಬೇಕು ಎಂದು ಹೇಳಲು ಬಾರದು. ಹಿಂದಿನ ಶಾಲೆಯವರು ಮೆಟ್ರೊ ಮಾತು ಬಿಡಿಸಲು ನೋಡಿದ್ದರಂತೆ. ಇಲ್ಲಿ ಅವನ ದಿನಚರಿಯನ್ನೇ ಮೆಟ್ರೊ ನಕ್ಷೆಯಂತೆ ಬರೆದರು. ಮುಂದಿನ ನಿಲ್ದಾಣ ಓದು, ಅದರ ಮುಂದಿನದು ಬಾತ್ರೂಮು, ಆಮೇಲೆ ಊಟ. ಅವನೇ ಘೋಷಣೆ ಮಾಡಿಕೊಂಡು ಎದ್ದು ಹೋಗುತ್ತಾನೆ. ಇನ್ನೊಬ್ಬಳು ಗದ್ದಲ ಹೆಚ್ಚಾದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದಳು. ಅವಳ ಯೋಜನೆಯ ಮೊದಲ ಪುಟದಲ್ಲಿ ಅಕ್ಷರವೂ ಇಲ್ಲ, ಲೆಕ್ಕವೂ ಇಲ್ಲ. ಗದ್ದಲಕ್ಕೆ ಮೊದಲೇ ಕಿವಿಗೆ ಹೆಡ್‌ಫೋನ್ ತಾನೇ ಹಾಕಿಕೊಳ್ಳುವುದು, ಅಷ್ಟೇ.

ಥೆರಪಿಗಳನ್ನು ಹಂಚಿದ್ದೂ ಹೀಗೆಯೇ. ಮೊದಲು ನಾವು ಮಗನನ್ನು ಮಾತಿಗೆ ಒಂದು ಕಡೆ, ಆಕ್ಯುಪೇಷನಲ್ ಥೆರಪಿಗೆ ಇನ್ನೊಂದು ಕಡೆ, ನಡವಳಿಕೆಗೆ ಮತ್ತೊಂದು ಕಡೆ ಕರೆದೊಯ್ಯುತ್ತಿದ್ದೆವು. ಒಂದೊಂದಕ್ಕೂ ಮುಕ್ಕಾಲು ಗಂಟೆ, ಒಂದೊಂದಕ್ಕೂ ಸಾವಿರದ ಆಸುಪಾಸು ರೂಪಾಯಿ. ಒಬ್ಬರು ಏನು ಮಾಡಿಸುತ್ತಾರೆಂದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಗಾಡಿ ಒಂದೇ, ಎತ್ತು ನಾಲ್ಕು ದಿಕ್ಕಿಗೆ ಕಟ್ಟಿದ ಹಾಗೆ. ಈಗ ಶನಿವಾರ ಎಲ್ಲರೂ ಒಂದೇ ಮೇಜಿಗೆ ಕೂರುತ್ತಾರೆ. ನೀರು ಕೇಳುವುದು ಗುರಿಯಾದರೆ, ಮಾತಿನ ಥೆರಪಿಯಲ್ಲೂ ನೀರು, ಆಟದಲ್ಲೂ ನೀರು, ಮನೆಯಲ್ಲೂ ನೀರು. ಎಲ್ಲ ಥೆರಪಿಗಳ ಹಿಂದೆಯೂ ಒಂದೇ ತೂಕದ ಪುರಾವೆ ಇಲ್ಲ ಎಂಬುದೂ ಮೇಡಂಗೆ ಗೊತ್ತು. ಅದಕ್ಕೇ ಹನ್ನೆರಡು ವಾರದ ನಿಯಮ. ಅಷ್ಟರಲ್ಲಿ ಏನೂ ಬದಲಾಗದಿದ್ದರೆ ವಿಧಾನ ಬದಲಾಗಬೇಕು, ಮಗುವನ್ನು ದೂರುವಂತಿಲ್ಲ.

ನನ್ನ ಆ್ಯಪ್ ಕಪಾಟು ಸೇರಿತು

ಇದರಲ್ಲಿ ನನ್ನ ಪಾಲಿನ ಸೇವೆಯೆಂದು ಒಂದು ಆ್ಯಪ್ ಬರೆದೆ. ಮಗು ಏನು ಮಾಡಿತು, ಎಷ್ಟು ಹೊತ್ತು, ಯಾರ ಸಹಾಯದಿಂದ, ಮೊದಲು ಏನಾಗಿತ್ತು, ಆಮೇಲೆ ಏನಾಯಿತು ಎಂದೆಲ್ಲ 42 ಅಂಕಣ. ಮೂರು ವಾರ ರಾತ್ರಿ ನಿದ್ದೆಗೆಟ್ಟು ಮಾಡಿದ್ದು. ಎರಡು ವಾರ ಬಿಟ್ಟು ಹೋಗಿ ನೋಡಿದರೆ ಟ್ಯಾಬ್ಲೆಟ್ ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು.

"ಸರ್, ಮಗುವನ್ನು ನೋಡಲೋ, ಪರದೆಯನ್ನು ನೋಡಲೋ?" ಎಂದರು ಕಿರಿಯ ಶಿಕ್ಷಕಿ.

ಉತ್ತರವಿರಲಿಲ್ಲ. ಆ್ಯಪ್ ಬಿಟ್ಟು, ಜೇಬಿನಲ್ಲಿ ಹಿಡಿಸುವ ಚೀಟಿ ಮಾಡಿಕೊಟ್ಟೆ. ಒಂದು ಮಗುವಿಗೆ ಒಂದು ಚೀಟಿ, ಎರಡೇ ಸಾಲು. ಆದರೆ ಒಂದು ಗೀರು, ಆಗದಿದ್ದರೆ ಇನ್ನೊಂದು ಸಾಲಿನಲ್ಲಿ ಗೀರು, ಪಕ್ಕದಲ್ಲಿ ಹೊತ್ತು. ಶನಿವಾರ ಸಂಜೆ ನಾನು ಹೋಗಿ ಅವನ್ನೆಲ್ಲ ಲ್ಯಾಪ್‌ಟಾಪಿಗೆ ಏರಿಸುತ್ತೇನೆ.

ಆ ಗೀರುಗಳೇ ಒಂದು ಗುಟ್ಟು ಬಿಟ್ಟುಕೊಟ್ಟವು. ನಮ್ಮ ಮಗ ನೆಲಕ್ಕೆ ಬಿದ್ದು ಅರಚುವುದು ಹೆಚ್ಚಾಗಿ ಹನ್ನೊಂದು ಇಪ್ಪತ್ತರಿಂದ ಹನ್ನೊಂದು ನಲವತ್ತರ ನಡುವೆ. ಆಗ ಅವನಿಗೆ ಮಣಿ ಪೋಣಿಸುವ ಕೆಲಸ. ಮಣಿಯೇ ಹಿಡಿಸುವುದಿಲ್ಲ ಎಂದುಕೊಂಡಿದ್ದೆವು. ಒಂದು ದಿನ ರಜೆ ಹಾಕಿ ಆ ಹೊತ್ತಿನಲ್ಲಿ ಹೋಗಿ ಕೂತೆ. ಹನ್ನೊಂದೂ ಕಾಲು ದಾಟುತ್ತಿದ್ದಂತೆ ಮೇಲಿನ ಮನೆಯಲ್ಲಿ ಕುಕ್ಕರಿನ ಸೀಟಿ. ಒಂದಲ್ಲ, ಆರು. ರಾಜ್ಮಾ ಬೇಯುವ ಹೊತ್ತು! ಆಫೀಸಿನಲ್ಲಿ ಇಂಥ ದೋಷಗಳನ್ನು ಹುಡುಕಿ ಸಂಬಳ ತೆಗೆದುಕೊಳ್ಳುವವನಿಗೆ ಮನೆಯ ಮಗುವಿನ ವಿಷಯದಲ್ಲಿ ಇದು ಹೊಳೆದಿರಲಿಲ್ಲ. ಆ ಇಪ್ಪತ್ತು ನಿಮಿಷ ಅವನನ್ನು ಉದ್ಯಾನಕ್ಕೆ ಕರೆದೊಯ್ಯುವಂತೆ ದಿನಚರಿ ಬದಲಾಯಿತು. ಮಣಿಯನ್ನು ಈಗ ಹತ್ತು ಗಂಟೆಗೆ ಪೋಣಿಸುತ್ತಾನೆ, ಖುಷಿಯಿಂದ.

ಕನ್ನಡ ಮನೆಗೆ ಮರಳಿತು

ಇನ್ನು ಭಾಷೆಯ ಮಾತು. ಶಾಲೆಗೆ ಸೇರಿಸಿದ ದಿನ ಮೇಡಂ ಕೇಳಿದ ಪ್ರಶ್ನೆಗಳಲ್ಲಿ ಒಂದು: "ಮನೆಯಲ್ಲಿ ಮಗುವಿನ ಜೊತೆ ಯಾರು ಹೆಚ್ಚು ಹೊತ್ತು ಇರ್ತಾರೆ? ಅವರ ಭಾಷೆ ಯಾವುದು?"

ಅಮ್ಮನ ಕತೆ ಹೇಳಿದೆ. ನಾಲ್ಕು ತಿಂಗಳ ಮೌನದ ಕತೆಯನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವತ್ತೇ ಹೋಗಿ ಅಜ್ಜಿಗೆ ಮಾತಾಡೋಕೆ ಹೇಳಿ" ಎಂದರು.

ಎರಡು ಭಾಷೆಯಿಂದ ಆಟಿಸಂ ಇರುವ ಮಗುವಿಗೆ ತೊಂದರೆ ಎಂಬ ನಂಬಿಕೆ ಬಹಳ ಹರಡಿದೆ. ಆಮೇಲೆ ಓದಿ ನೋಡಿದರೆ, 2012ರಲ್ಲಿ ಪ್ರಕಟವಾದ ಕೆನಡಾದ ಎರಡು ಅಧ್ಯಯನಗಳು ಒಂದೇ ಭಾಷೆಯ ಮನೆಯ ಮಕ್ಕಳನ್ನೂ ಎರಡು ಭಾಷೆಯ ಮನೆಯ ಮಕ್ಕಳನ್ನೂ ಹೋಲಿಸಿ, ಎರಡನೆಯವರು ಭಾಷೆಯಲ್ಲಿ ಹೆಚ್ಚು ಹಿಂದೆ ಬಿದ್ದಿಲ್ಲ ಎಂದು ಕಂಡಿದ್ದವು. ನಿಧಾನಕ್ಕೆ ಕಾರಣ ಆಟಿಸಂ, ಎರಡನೇ ಭಾಷೆಯಲ್ಲ. ಅಪ್ಪ ಅಮ್ಮ ತಮಗೆ ಸರಾಗವಾಗಿ ಬರುವ ಭಾಷೆ ಬಿಟ್ಟು ತಡವರಿಸುತ್ತ ಮಾತಾಡಿದರೆ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ. ಇದನ್ನು ನಾವು ಅಧ್ಯಯನ ಓದುವ ಮೊದಲೇ ಅನುಭವಿಸಿದ್ದೆವು. ಈಗ ವಾರಕ್ಕೊಮ್ಮೆ ಮೈಸೂರಿನ ಸ್ಪೀಚ್ ಥೆರಪಿಸ್ಟ್ ಒಬ್ಬರು ವಿಡಿಯೊ ಕರೆಯಲ್ಲಿ ಅಮ್ಮನಿಗೆ ಕನ್ನಡದಲ್ಲೇ ಹೇಳಿಕೊಡುತ್ತಾರೆ. ಚಿಕ್ಕ ವಾಕ್ಯ ಹೇಳಿ, ಹೇಳಿದ ಮೇಲೆ ಕಾಯಿರಿ, ಮಗು ನೋಡುತ್ತಿರುವುದರ ಬಗ್ಗೆಯೇ ಮಾತಾಡಿ. "ಇದೇನ್ ಹೊಸದು? ಕೂಸುಗಳ ಜೊತೆ ನಾವು ಹಂಗೇ ಅಲ್ವಾ ಮಾತಾಡ್ತಿದ್ದುದ್ದು" ಎನ್ನುತ್ತಾಳೆ ಅಮ್ಮ.

ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಎರಡು ಸಂಗತಿಗಳು ಬೇಕು ಎನ್ನುವುದು ಮತ್ತು ಬೇಡ ಎನ್ನುವುದು. ಬೇಡ ಎನ್ನುವುದನ್ನು ಕಲಿಸುವುದೇ? ನನಗೆ ಆಶ್ಚರ್ಯವಾಗಿತ್ತು. ನಮ್ಮ ಕಡೆ ಮಕ್ಕಳು ಹೇಳಿದ ಮಾತು ಕೇಳಬೇಕು ಎಂದು ಬೆಳೆಸುವವರು ನಾವು. ಮೇಡಂ ಹೇಳಿದ್ದು ಇಷ್ಟು: "ನನಗೆ ಆಗ್ತಿಲ್ಲ ಅಂತ ಹೇಳೋಕೆ ದಾರಿ ಇಲ್ಲದ ಮಗು ಹಲ್ಲಿನಿಂದ, ಉಗುರಿನಿಂದ ಹೇಳುತ್ತೆ. ದಾರಿ ಕೊಡಿ."

ಮಿಕ್ಕ ಮಕ್ಕಳ ಕಾರ್ಡಿನ ಮೇಲೆ 'ಬಸ್' ಎಂದಿದೆ. ನಮ್ಮನ್ನು ಕೇಳಿದರು: "ನಿಮ್ಮ ಮನೆಯಲ್ಲಿ ಊಟ ಆಯ್ತು, ಇನ್ನು ಹಾಕಬೇಡಿ ಅನ್ನೋಕೆ ಏನಂತೀರಿ?"

"ಸಾಕು."

ಹಾಗೆ ಮಗನಿಗೊಂದು ಕಾರ್ಡು ಆಯಿತು. ಅಂಗೈ ಎತ್ತಿ ತಡೆಯುವ ಚಿತ್ರ, ಕೆಳಗೆ ಕನ್ನಡದಲ್ಲಿ 'ಸಾಕು', ಹಿಂಬದಿಯಲ್ಲಿ ಶಿಕ್ಷಕರಿಗಾಗಿ ದೇವನಾಗರಿಯಲ್ಲಿ ಅದೇ ಪದ. ಬಿಹಾರದ ಆಯಾ ಕೂಡ 'ಸಾಕು' ಎನ್ನಲು ಕಲಿತರು. ಮನೆಯಲ್ಲಿ ಕಲಿಸುವ ಹೊಣೆ ಅಮ್ಮನದು. ಅನ್ನ ಸಾರು ಬಡಿಸುವಾಗ ಒಂದೊಂದು ಸೌಟಿಗೂ ನಿಂತು "ಸಾಕಾ ಪುಟ್ಟ?" ಎಂದು ಕೇಳಿ ಕಾಯುವುದು. ಅವನು ಕಾರ್ಡು ಮುಟ್ಟಿದರೆ ಕೂಡಲೇ ಸೌಟು ಹಿಂದಕ್ಕೆ. ಒಂದೇ ಒಂದು ತುತ್ತು ತಿನ್ನು ಎಂಬ ಒತ್ತಾಯವಿಲ್ಲ. ಅಜ್ಜಿಯಾದವಳಿಗೆ ಇದಕ್ಕಿಂತ ದೊಡ್ಡ ತಪಸ್ಸಿಲ್ಲ.

ಏಳನೇ ವಾರ ಕಾರ್ಡು ತಾನೇ ತೆಗೆದುಕೊಟ್ಟ. ಎಂಟನೇ ತಿಂಗಳು ಒಂದು ರಾತ್ರಿ, ಕಾರ್ಡು ಬೇರೆ ಕೋಣೆಯಲ್ಲಿತ್ತು. ಅಮ್ಮ ಸೌಟು ಹಿಡಿದು ನಿಂತಿದ್ದಳು. "ಆಕು" ಎಂದ.

ಅಮ್ಮ ಸೌಟನ್ನು ಪಾತ್ರೆಗೆ ಹಾಕಿ ಅಡುಗೆಮನೆಗೆ ಹೋದವಳು ತುಂಬ ಹೊತ್ತು ಹೊರಗೆ ಬರಲಿಲ್ಲ.

ನಿಮ್ಮ ಮನೆಯಲ್ಲೂ ಅನುಮಾನವಿದ್ದರೆ

ಒಂದೆರಡು ಉಪಯೋಗದ ಮಾತು. ಮಗು ಹೆಸರಿಗೆ ತಿರುಗದಿದ್ದರೆ, ಬೆರಳು ತೋರಿಸದಿದ್ದರೆ, ಬಂದ ಮಾತು ಹೋದರೆ, 'ನಮ್ಮ ಮಾವನೂ ಐದು ವರ್ಷಕ್ಕೆ ಮಾತಾಡಿದ್ದು' ಎಂಬ ಸಮಾಧಾನಕ್ಕೆ ಕಾಯಬೇಡಿ. ಮಕ್ಕಳ ಬೆಳವಣಿಗೆಯ ತಜ್ಞರಿಗೆ ತೋರಿಸಿ. ಊರಿನ ಕಡೆ ಇರುವವರಿಗೆ ನಿಮ್ಹಾನ್ಸ್ ಇದೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ನಮ್ಮ ದೇಶದಲ್ಲೇ ರೂಪಿಸಿದ 'ಇಸಾ' ಎಂಬ ಮಾಪನದಲ್ಲಿ 40 ಪ್ರಶ್ನೆಗಳಿವೆ. ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಅದನ್ನೇ ಬಳಸುತ್ತಾರೆ.

ಪ್ರಮಾಣಪತ್ರ ಮಾಡಿಸಲು ನಾಚಬೇಡಿ. 1995ರ ಕಾನೂನಿನಲ್ಲಿ ಆಟಿಸಂ ಎಂಬ ಪದವೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಮೊದಲು ಒಪ್ಪಿಕೊಂಡಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಅದೂ ಒಂದು. ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ, ಹತ್ತಿರದ ಶಾಲೆಯಲ್ಲಾಗಲಿ ಆರಿಸಿಕೊಂಡ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದುವ ಹಕ್ಕು ಮಗುವಿಗಿದೆ. ಶಿಕ್ಷಕರನ್ನು ಆರಿಸುವಾಗ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ.

ಗುಣಪಡಿಸುತ್ತೇವೆ ಎನ್ನುವವರ ಬಾಗಿಲಿಗೆ ಹೋಗಬೇಡಿ. ಸ್ಟೆಮ್ ಸೆಲ್ ಚಿಕಿತ್ಸೆಯೆಂದು ಲಕ್ಷಗಟ್ಟಲೆ ಸುರಿದವರನ್ನು ಕಾಯುವ ಬೆಂಚುಗಳಲ್ಲಿ ನೋಡಿದ್ದೇನೆ. ಆಟಿಸಂಗೆ ಅದನ್ನು ಶಿಫಾರಸು ಮಾಡುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಿದೆ. ಆ ದುಡ್ಡಿಗೆ ಒಬ್ಬ ಒಳ್ಳೆಯ ಶಿಕ್ಷಕಿಯ ಹಲವು ವರ್ಷದ ಸಂಬಳ ಕೊಡಬಹುದು.

ಹೊರನಾಡಿನ ಕನ್ನಡ ಸಂಘಗಳಿಗೂ ಒಂದು ಕೋರಿಕೆ ಇದೆ. ಕಳೆದ ನವೆಂಬರಿನಲ್ಲಿ ಮಗನನ್ನು ಮೊದಲ ಬಾರಿ ಒಂದು ರಾಜ್ಯೋತ್ಸವಕ್ಕೆ ಕರೆದೊಯ್ದೆವು. ಧ್ವನಿವರ್ಧಕದ ಅಬ್ಬರವಿತ್ತು, ಹೆಡ್‌ಫೋನ್ ಹಾಕಿದ್ದೆವು. ಡೊಳ್ಳು ಕುಣಿತ ಶುರುವಾಗಿ ಹತ್ತು ನಿಮಿಷ ಕಣ್ಣರಳಿಸಿ ನೋಡಿದ. ಆಮೇಲೆ ಅಮ್ಮನ ಸೆರಗು ಹಿಡಿದು ಎಳೆದು, ಸ್ಪಷ್ಟವಾಗಿ "ಸಾಕು" ಎಂದ. ಎದ್ದೆವು. ಸಾಲಿನಲ್ಲಿದ್ದವರು ಕಾಲು ಸರಿಸಿ ದಾರಿ ಬಿಟ್ಟರು. ಪಕ್ಕದಲ್ಲಿದ್ದ ಹಿರಿಯರೊಬ್ಬರು "ಯಾಕಮ್ಮಾ, ಈಗ ತಾನೇ ಶುರುವಾಯ್ತು?" ಎಂದು ಕೇಳಿದರು. "ನನ್ನ ಮೊಮ್ಮಗ ಸಾಕು ಅಂದ" ಎಂದಳು ಅಮ್ಮ, ಬಹುಮಾನ ಬಂದದ್ದನ್ನು ಹೇಳುವವಳ ಹಾಗೆ.

ಹೊರಗೆ ಪಾರ್ಕಿಂಗಿನ ಕಟ್ಟೆಯ ಮೇಲೆ ಕೂತೆವು. ಒಳಗೊಂದು ಶಾಂತವಾದ ಕೋಣೆ ಇದ್ದಿದ್ದರೆ ಅರ್ಧ ಗಂಟೆ ಅಲ್ಲಿ ಕೂತು ಮತ್ತೆ ಡೊಳ್ಳು ನೋಡಲು ಹೋಗುತ್ತಿದ್ದನೇನೋ. ಮುಂದಿನ ಕಾರ್ಯಕ್ರಮಕ್ಕೆ ಸಭಾಂಗಣ ಗೊತ್ತು ಮಾಡುವಾಗ ಒಂದು ಕೋಣೆ, ಎರಡು ದಿಂಬು, ಬಾಗಿಲಿಗೆ ಒಂದು ಪರದೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಬರುವವರು ನಾವೊಬ್ಬರೇ ಆಗಿರುವುದಿಲ್ಲ.